ಗ್ಯಾಪ್ ಅಳೆಯಲು ಇನ್‌ಫ್ರಾರೆಡ್ಡಾ, ಪಾಯಿಂಟ್ ಕಾಂಟ್ಯಾಕ್ಟಾ?

ತುಮಕೂರಿನ ನಮ್ಮ ಎಂಎಸ್ಸಿ ಹುಡುಗರು ಪ್ರಾಜೆಕ್ಟ್ ಶುರುವಾಗುವಾಗ ತಪ್ಪದೆ ಕೇಳುವ ಪ್ರಶ್ನೆ ಇದು. ಬೆಳಗಿನ ರೈಲು ಹಿಡಿದು ಬೆಂಗಳೂರಿನ ಲ್ಯಾಬಿಗೆ ಹೋಗಿ ಎರಡನ್ನೂ ಮಾಡಿ ನೋಡಿದ್ದೇನೆ. ಎರಡಕ್ಕೂ ಹರಳು ಒಂದೇ, ಕೋಬಾಲ್ಟ್ ಬೆರೆಸಿದ ಬೇರಿಯಂ ಐರನ್ ಆರ್ಸೆನೈಡ್. ಸುಮಾರು 25 ಕೆಲ್ವಿನ್‌ಗಿಂತ ಕೆಳಗೆ ಇದು ಸೂಪರ್‌ಕಂಡಕ್ಟರ್, ಅಂದರೆ ವಿದ್ಯುತ್ತಿಗೆ ತಡೆಯೇ ಒಡ್ಡದ ವಸ್ತು. ಆಗ ಒಳಗೆ ಎಲೆಕ್ಟ್ರಾನ್‌ಗಳು ಜೋಡಿಯಾಗುತ್ತವೆ; ಜೋಡಿ ಒಡೆಯಲು ಒಂದೊಂದು ಎಲೆಕ್ಟ್ರಾನ್‌ಗೆ ಬೇಕಾದ ಕನಿಷ್ಠ ಶಕ್ತಿಯೇ ಗ್ಯಾಪ್.

ಪಾಯಿಂಟ್ ಕಾಂಟ್ಯಾಕ್ಟ್ ಬೇಗ ಮುಗಿಯುತ್ತದೆ. ಹರಳಿನ ಮೇಲೆ ಸಿಲ್ವರ್ ಪೇಂಟಿನ ಚುಕ್ಕೆ, ಅದಕ್ಕೊಂದು ಸಣ್ಣ ಚಿನ್ನದ ತಂತಿ, ಅಷ್ಟೇ. ವೋಲ್ಟೇಜ್ ಏರಿಸುತ್ತಾ ಕಂಡಕ್ಟೆನ್ಸ್ (ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ) ನೋಡಿದರೆ ಗ್ಯಾಪ್ ಇರುವ ಕಡೆ ಉಬ್ಬು. ಕಬ್ಬಿಣದ ಸೂಪರ್‌ಕಂಡಕ್ಟರ್‌ಗಳಲ್ಲಿ ಗ್ಯಾಪ್ ಒಂದಕ್ಕಿಂತ ಜಾಸ್ತಿ ಅಲ್ವಾ, ಅದೃಷ್ಟವಿದ್ದರೆ ಎರಡು ಉಬ್ಬು ಒಟ್ಟಿಗೆ ಸಿಗುತ್ತವೆ. ಆದರೆ ಚುಕ್ಕೆ ಬದಲಾದರೆ ಗ್ರಾಫೂ ಬದಲು. ಕಾಂಟ್ಯಾಕ್ಟ್ ದೊಡ್ಡದಾಗಿ ಬಿಸಿಯಾದರೆ ಗ್ಯಾಪ್ ಅಲ್ಲದ್ದೂ ಗ್ಯಾಪಿನ ವೇಷ ಹಾಕುತ್ತದೆ.

ಇನ್‌ಫ್ರಾರೆಡ್ ಬೆಳಕು ನೂರಾರು ನ್ಯಾನೊಮೀಟರ್ ಒಳಗಿಳಿಯುತ್ತದೆ, ಹಾಗಾಗಿ ಬರೀ ಮೇಲ್ಮೈಯ ಸುದ್ದಿ ತರುವುದಿಲ್ಲ. ಎಲೆಕ್ಟ್ರಾನ್ ಜೋಡಿ ಒಡೆಯಲು ಗ್ಯಾಪಿನ ಎರಡರಷ್ಟು ಶಕ್ತಿ ಬೇಕು. ತೀರಾ ತಣ್ಣಗಿರುವ ಹರಳು ಅದಕ್ಕಿಂತ ಕಡಿಮೆ ಶಕ್ತಿಯ ಬೆಳಕನ್ನು ಪೂರ್ತಿ ವಾಪಸ್ ಕಳಿಸುತ್ತದೆ. ಸೂಪರ್‌ಕಂಡಕ್ಟರ್‌ಗಳ ಮೂಲ ಸಿದ್ಧಾಂತವಾದ ಬಿಸಿಎಸ್ ಲೆಕ್ಕದಲ್ಲಿ 25 ಕೆಲ್ವಿನ್‌ಗೆ ಆ ಗಡಿ 7.6 ಮಿಲಿ ಎಲೆಕ್ಟ್ರಾನ್ ವೋಲ್ಟ್, ಅಂದರೆ 61 ವೇವ್‌ನಂಬರ್ (ಒಂದು ಸೆಂಟಿಮೀಟರಿನಲ್ಲಿ ಹಿಡಿಸುವ ಅಲೆಗಳ ಸಂಖ್ಯೆ). ನಮ್ಮ ಹರಳಿನಲ್ಲಿ ರಿಫ್ಲೆಕ್ಟಿವಿಟಿ (ವಾಪಸ್ ಬರುವ ಬೆಳಕಿನ ಪಾಲು) 1 ಮುಟ್ಟಿದ್ದು 50ರ ಆಸುಪಾಸಿನಲ್ಲಿ. ಅದು ಸಣ್ಣ ಗ್ಯಾಪ್. ದೊಡ್ಡದು ಹಾಗೆ ಕಣ್ಣಿಗೆ ಬೀಳುವುದಿಲ್ಲ. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಸೂಪರ್‌ಕಂಡಕ್ಟರ್ ಬೆಳಕಿಗೆ ಹೇಗೆ ಸ್ಪಂದಿಸುತ್ತದೆ ಎಂದು ಹೇಳುವ 1958ರ ಮ್ಯಾಟಿಸ್–ಬಾರ್ಡೀನ್ ಸೂತ್ರ ಹಾಕಿದೆ. ಒಂದೇ ಗ್ಯಾಪ್ ಇಟ್ಟರೆ ಗೆರೆ ಕೂರಲಿಲ್ಲ, ಎರಡಿಟ್ಟರೆ ಕೂತಿತು. ಎಲ್ಲ ಬ್ಯಾಂಡ್‌ಗಳ (ಎಲೆಕ್ಟ್ರಾನ್‌ಗಳ ಬೇರೆ ಬೇರೆ ಗುಂಪುಗಳ) ಉತ್ತರವೂ ಕಲಸಿಕೊಂಡು ಬರುವುದರಿಂದ ಯಾವ ಗ್ಯಾಪ್ ಯಾವ ಬ್ಯಾಂಡಿನದು ಎಂದು ಮಾತ್ರ ಇದು ಹೇಳದು.

ಕಷ್ಟ ಇರುವುದು ಅಳತೆಯಲ್ಲಿ. 50 ವೇವ್‌ನಂಬರ್ ಎಂದರೆ 0.2 ಮಿಲಿಮೀಟರ್ ಅಲೆ. ಅಲ್ಲಿ ದೀಪದ ಬೆಳಕೇ ಕಡಿಮೆ, ಹೀಲಿಯಂನಲ್ಲಿ ತಣಿಸಿದ ಬೊಲೊಮೀಟರ್ (ಬೆಳಕು ತರುವ ಬಿಸಿಯನ್ನು ಅಳೆಯುವ ಸಾಧನ) ಬೇಕು. ಶೇಕಡಾ ಒಂದು ತಪ್ಪಿದರೂ ಗ್ಯಾಪ್ ಮಾಯ. ಅದಕ್ಕೇ ಅದೇ ಹರಳಿನ ಮೇಲೆ ಚಿನ್ನ ಲೇಪಿಸಿ, ಹೋಲಿಕೆಗೆ ಮತ್ತೆ ಅಳೆಯಬೇಕು. ಇನ್ನೊಂದು ವಿಚಿತ್ರ: ಹರಳು ತೀರಾ ಶುದ್ಧವಾಗಿದ್ದರೆ ಗ್ಯಾಪಿನ ಅಂಚೇ ಮಸುಕು. ಕೋಬಾಲ್ಟ್ ಕಬ್ಬಿಣದ ಪದರದಲ್ಲೇ ಕೂತು ಎಲೆಕ್ಟ್ರಾನ್‌ಗಳನ್ನು ಚದುರಿಸುವುದು ಇಲ್ಲಿ ಉಪಕಾರವೇ.

ಎರಡು ಮೂರು ಮಿಲಿಮೀಟರ್‌ನ ಹೊಳೆಯುವ ಹರಳು, ಸಾಕಷ್ಟು ಹೀಲಿಯಂ ಇದ್ದರೆ ನನ್ನ ಓಟು ಇನ್‌ಫ್ರಾರೆಡ್ಡಿಗೆ. ಹರಳು ಅದಕ್ಕಿಂತ ಚಿಕ್ಕದಾದರೆ ಸುಮ್ನೆ ಬೆಳಕಿನ ಹಿಂದೆ ಬೀಳಬೇಡಿ. ನಾಲ್ಕೈದು ಕಡೆ ಸಿಲ್ವರ್ ಚುಕ್ಕೆ ಇಟ್ಟು, ಎಲ್ಲದರಲ್ಲೂ ಬಂದ ಉಬ್ಬನ್ನಷ್ಟೇ ನಂಬಿ.