ಶೀತಕ್ಕೆ ನೀಲಗಿರಿ ಎಣ್ಣೆಯೋ, ಪೆಪ್ಪರ್‌ಮಿಂಟ್ ಎಣ್ಣೆಯೋ?

ಮೊದಲೇ ಹೇಳಿಬಿಡುತ್ತೇನೆ: ಇವೆರಡರ ವಾಸನೆ ತೆಗೆದುಕೊಂಡರೆ ಮೈಯೊಳಗಿನ ವೈರಸ್ ಸಾಯುವುದಿಲ್ಲ. ಸಾಮಾನ್ಯ ನೆಗಡಿ 7ರಿಂದ 10 ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಅಲ್ಲಿಯವರೆಗೆ ಯಾವುದು ಹಿತ ಅನ್ನೋದಷ್ಟೇ ಪ್ರಶ್ನೆ.

ಊಟಿಗೆ ಹೋದವರು ತಪ್ಪದೆ ತರುತ್ತಾರಲ್ವಾ, ಆ ನೀಲಗಿರಿ ಎಣ್ಣೆಯ ಮುಖ್ಯ ಅಂಶ ಸಿನಿಯೋಲ್. ಕಫ ಸಡಿಲವಾಗಲು ಇದು ನೆರವಾಗುತ್ತದೆ. ಜರ್ಮನಿಯಲ್ಲಿ ಸಿನಿಯೋಲ್ ಕ್ಯಾಪ್ಸೂಲ್‌ಗಳೇ ಔಷಧಿಯಾಗಿ ಸಿಗುತ್ತವೆ. ಹಾಗಂತ ಬಾಟಲಿಯ ಎಣ್ಣೆಯನ್ನು ಒಂದು ಹನಿಯೂ ಕುಡಿಯಬೇಡಿ. ಮಕ್ಕಳ ಹೊಟ್ಟೆಗೆ ಸ್ವಲ್ಪ ಹೋದರೂ ಫಿಟ್ಸ್ ಬರಬಹುದು.

ಪೆಪ್ಪರ್‌ಮಿಂಟ್ ಎಣ್ಣೆಯ ಕೆಲಸವೇ ಬೇರೆ. ಅದರಲ್ಲಿರುವ ಮೆಂಥಾಲ್ ಮೂಗಿನೊಳಗೆ ತಂಪನ್ನು ಗುರುತಿಸುವ ನರಗಳನ್ನು ಎಬ್ಬಿಸುತ್ತದೆ. ಮೂಗು ತೆರೆದಂತೆ ಅನಿಸುತ್ತದೆ, ಆದರೆ ಒಳಗಿನ ಊತ ಇಳಿದಿರುವುದಿಲ್ಲ. ಆದರೂ ರಾತ್ರಿ ಮೂಗು ಕಟ್ಟಿ ಒದ್ದಾಡುವಾಗ ಆ ಅನಿಸಿಕೆಯೇ ದೊಡ್ಡ ಸಮಾಧಾನ.

ನನ್ನ ಆಯ್ಕೆ ಹೀಗೆ: ಕಫ ಗಟ್ಟಿಯಾಗಿದ್ದರೆ ನೀಲಗಿರಿ, ಬರೀ ಮೂಗು ಕಟ್ಟಿದ್ದರೆ ಪೆಪ್ಪರ್‌ಮಿಂಟ್. ಯಾವುದಾದರೂ ಸರಿ, ಕರವಸ್ತ್ರಕ್ಕೆ ಒಂದೆರಡು ಹನಿ ಸಾಕು. ಕುದಿಯುವ ನೀರಿನ ಪಾತ್ರೆಗೆ ಹಾಕಿ, ಕಂಬಳಿ ಹೊದ್ದು ಬಗ್ಗುವುದು ನನಗೆ ಇಷ್ಟವಿಲ್ಲ. ಪಾತ್ರೆ ಮಗುಚಿದರೆ ತೊಡೆಯೆಲ್ಲ ಸುಡುತ್ತದೆ.

ಪುಟ್ಟ ಮಕ್ಕಳಿಗೆ ಎರಡೂ ಬೇಡ, ಮೂಗಿಗೆ ಸಲೈನ್ ಹನಿ ಹಾಕಿ. ಅಸ್ತಮಾ ಇರುವವರಿಗೆ ಈ ಘಾಟಿನಿಂದಲೇ ಉಬ್ಬಸ ಜಾಸ್ತಿ ಆಗಬಹುದು. ಉಸಿರಾಡಲು ಕಷ್ಟವಾದರೆ ಎಣ್ಣೆ ಹುಡುಕುತ್ತಾ ಕೂರಬೇಡಿ, ತಕ್ಷಣ ಡಾಕ್ಟರ ಹತ್ತಿರ ಹೋಗಿ.