ಪಿಸಿ ಆನ್ ಆಯ್ತು, ಗೇಮ್ ಓಡ್ತು ಅಂತ ನಂಬಿ ಕೆಲಸದ ಫೈಲ್ ಹಾಕಬೇಡಿ

ಮನೆಯಲ್ಲೇ ಪಿಸಿ ಜೋಡಿಸಿಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ವಿಂಡೋಸ್ ಇನ್‌ಸ್ಟಾಲ್ ಆದ ತಕ್ಷಣ ಮುಖ್ಯವಾದ ಫೈಲ್‌ಗಳನ್ನು ಅದರೊಳಗೆ ಸುರಿಯಬೇಡಿ. ಮೊದಲು ಒಂದು ರಾತ್ರಿ ರ‍್ಯಾಮ್ ಟೆಸ್ಟ್ ಓಡಿಸಿ. ಅದಿಲ್ಲದೆ ನಮ್ಮ ಭಾವ ಒಂದು ಮದುವೆಯ ಧಾರೆ ಫೋಟೊಗಳನ್ನೇ ಕಳೆದುಕೊಂಡರು.

ಭಾವ ಹಾಸನದಲ್ಲಿ ಫೋಟೊಗ್ರಾಫರ್. ರೈಸನ್ 7 7700 ಪ್ರೊಸೆಸರ್, 16 ಜಿಬಿಯ ನಾಲ್ಕು ಡಿಡಿಆರ್5 ರ‍್ಯಾಮ್ ಸ್ಟಿಕ್, ಎಲ್ಲವನ್ನೂ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದು ಮನೆಯಲ್ಲೇ ಜೋಡಿಸಿದರು. ಅಂಗಡಿಯವರು ಹೇಳಿಕಳಿಸಿದ್ದು ಎರಡು ಮಾತು. ‘ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪುಟ) ಎಕ್ಸ್‌ಪೋ ಆನ್ ಮಾಡಿ ಸಾರ್, 6000 ಸ್ಪೀಡ್ ಬರುತ್ತೆ. ಸ್ಟ್ರೆಸ್ ಟೆಸ್ಟ್ ಎಲ್ಲಾ ಓವರ್‌ಕ್ಲಾಕ್ ಮಾಡೋ ಹುಡುಗರಿಗೆ, ನಿಮಗ್ಯಾಕೆ?’

ಎಕ್ಸ್‌ಪೋ ಅಂದರೆ ರ‍್ಯಾಮನ್ನು ಡಬ್ಬದ ಮೇಲೆ ಬರೆದ ವೇಗಕ್ಕೆ ಏರಿಸುವ ಸೆಟ್ಟಿಂಗ್. ಓವರ್‌ಕ್ಲಾಕ್ ಅಂದರೆ ಅಧಿಕೃತ ವೇಗಕ್ಕಿಂತ ಜೋರಾಗಿ ಓಡಿಸುವುದು. ಹಾಗಾದರೆ ಎಕ್ಸ್‌ಪೋ ಆನ್ ಮಾಡುವುದೇ ಓವರ್‌ಕ್ಲಾಕ್ ಅಲ್ವಾ! ರೈಸನ್ 7000 ಚಿಪ್‌ಗಳಿಗೆ ಎಎಂಡಿ ಅಧಿಕೃತವಾಗಿ ಹೇಳುವ ರ‍್ಯಾಮ್ ವೇಗ ಎರಡು ಸ್ಟಿಕ್‌ಗೆ 5200, ನಾಲ್ಕು ಸ್ಟಿಕ್‌ಗೆ ಬರೀ 3600. ಡಬ್ಬದ ಮೇಲಿನ 6000 ರ‍್ಯಾಮ್ ಕಂಪನಿಯವರು ಬರೆದದ್ದು. ನಿಮ್ಮ ಪ್ರೊಸೆಸರ್‌ನೊಳಗಿನ ಮೆಮೊರಿ ಕಂಟ್ರೋಲರ್ ಆ ವೇಗವನ್ನು ತಡೆದುಕೊಳ್ಳುತ್ತದೆ ಅಂತ ಯಾರೂ ಗ್ಯಾರಂಟಿ ಕೊಟ್ಟಿಲ್ಲ. ಎರಡು ಕಿಟ್ (ಎರಡೆರಡು ಸ್ಟಿಕ್‌ನ ಡಬ್ಬ) ತಂದು ನಾಲ್ಕು ಸ್ಲಾಟ್ ತುಂಬಿಸಿದರಂತೂ ಕಷ್ಟ ಇನ್ನೂ ಜಾಸ್ತಿ.

ಪಿಸಿ ಚೆನ್ನಾಗಿಯೇ ಓಡುತ್ತಿತ್ತು. ಗೇಮ್ ಓಡಿತು, ಟೆಂಪರೇಚರ್ ಕಡಿಮೆಯೇ ಇತ್ತು. ಆಗಾಗ ಬ್ರೌಸರ್ ಟ್ಯಾಬ್ ಸತ್ತುಹೋಗುತ್ತಿತ್ತು. ಫೋಟೊಶಾಪ್ ಮುಚ್ಚಿಕೊಳ್ಳುತ್ತಿತ್ತು. ಡೌನ್‌ಲೋಡ್ ಮಾಡಿದ ಜಿಪ್ ಫೈಲ್ ಬಿಚ್ಚುವಾಗ ಸಿಆರ್‌ಸಿ ಎರರ್, ಅಂದರೆ ಫೈಲ್ ಕೆಟ್ಟಿದೆ ಅನ್ನುವ ಸೂಚನೆ, ಬರುತ್ತಿತ್ತು. ಎಲ್ಲರೂ ವಿಂಡೋಸನ್ನೇ ಬೈದರು. ದಯವಿಟ್ಟು ಗಮನಿಸಿ: ಇಂಥ ಸಣ್ಣಪುಟ್ಟ ತೊಂದರೆಗಳು ಬೇರೆ ಬೇರೆ ಪ್ರೋಗ್ರಾಮ್‌ಗಳಲ್ಲಿ ಒಟ್ಟಿಗೆ ಕಾಣಿಸಿಕೊಂಡರೆ ಮೊದಲು ರ‍್ಯಾಮ್ ಮೇಲೆ ಅನುಮಾನ ಪಡಬೇಕು.

ಆಮೇಲೆ ಆಲ್ಬಮ್ ಮಾಡಲು ಕೂತಾಗ ಗೊತ್ತಾಯಿತು. ಕೆಲವು ರಾ ಫೈಲ್‌ಗಳಲ್ಲಿ (ಕ್ಯಾಮೆರಾದ ಮೂಲ ಫೋಟೊ ಫೈಲ್) ಮೇಲಿನ ಅರ್ಧ ಸರಿಯಿದೆ, ಕೆಳಗೆಲ್ಲ ನೇರಳೆ ಪಟ್ಟಿ. ಕೆಲವು ತೆರೆಯುವುದೇ ಇಲ್ಲ. ಕ್ಯಾಮೆರಾ ಕಾರ್ಡ್ ಆಗಲೇ ಮುಂದಿನ ಮದುವೆಗೆ ಫಾರ್ಮ್ಯಾಟ್ ಆಗಿತ್ತು. ಬ್ಯಾಕಪ್ ಡಿಸ್ಕ್‌ನಲ್ಲೂ ಅದೇ ಹಾಳಾದ ಫೈಲ್‌ಗಳು, ಅದಕ್ಕೂ ಇದೇ ಪಿಸಿಯ ರ‍್ಯಾಮ್ ಮೂಲಕ ತಾನೇ ಕಾಪಿ ಆದದ್ದು. ಹುಡುಗಿಯ ತಂದೆಗೆ ಫೋನ್ ಮಾಡಿ ಹೇಳುವಾಗ ಭಾವನ ಕೈ ನಡುಗುತ್ತಿತ್ತು. ದುಡ್ಡು ವಾಪಸ್ ಕೊಡಬಹುದು, ಧಾರೆ ಮತ್ತೆ ಎರೆಸೋಕಾಗಲ್ಲ.

ನಾನು ಹೋಗಿ ಮೆಮ್‌ಟೆಸ್ಟ್86 ಅನ್ನುವ ರ‍್ಯಾಮ್ ಪರೀಕ್ಷೆಯ ಪ್ರೋಗ್ರಾಮ್ ಓಡಿಸಿದೆ. ಸ್ವಲ್ಪ ಹೊತ್ತಿಗೇ ಪರದೆಯ ಮೇಲೆ ಕೆಂಪು ಸಾಲುಗಳು ಬಂದವು. ವೇಗವನ್ನು 3600ಕ್ಕೆ ಇಳಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಒಂದೂ ಎರರ್ ಇಲ್ಲ.

ಗೇಮ್ ಓಡುವುದು ಯಾಕೆ ಪರೀಕ್ಷೆ ಅಲ್ಲ ಅಂದರೆ, ಅಲ್ಲಿ ಒಂದು ಬಿಟ್ (0 ಅಥವಾ 1 ಎಂಬ ಒಂದು ಅಂಕಿ) ತಪ್ಪಾದರೆ ಎಲ್ಲೋ ಒಂದು ಚುಕ್ಕೆಯ ಬಣ್ಣ ಬದಲಾದೀತು, ಯಾರ ಕಣ್ಣಿಗೂ ಬೀಳುವುದಿಲ್ಲ. ಕುಗ್ಗಿಸಿಟ್ಟ ಫೋಟೊ ಫೈಲ್‌ನಲ್ಲಿ ಅದೇ ಒಂದು ಬಿಟ್ ತಪ್ಪಿದರೆ ಅಲ್ಲಿಂದ ಮುಂದಿನದೆಲ್ಲ ಕೆಡಬಹುದು. ಡಿಡಿಆರ್5ನಲ್ಲಿ ಇಸಿಸಿ (ತಪ್ಪಾದ ಬಿಟ್‌ಗಳನ್ನು ತಾನೇ ತಿದ್ದುವ ವ್ಯವಸ್ಥೆ) ಇದೆಯಲ್ಲ ಅನ್ನುವವರೂ ಇದ್ದಾರೆ. ಆ ಇಸಿಸಿ ರ‍್ಯಾಮ್ ಚಿಪ್‌ನ ಒಳಗೆ ಮಾತ್ರ. ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಕೆಟ್ಟರೆ ಅದು ಕಾಪಾಡುವುದಿಲ್ಲ.

ಮೆಮ್‌ಟೆಸ್ಟ್86 ಉಚಿತ. ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಬೇಕು, ವಿಂಡೋಸ್ ಬೇಕಿಲ್ಲ. ಉಚಿತ ಆವೃತ್ತಿ ನಾಲ್ಕು ಸುತ್ತು ಓಡುತ್ತದೆ. 64 ಜಿಬಿ ಇದ್ದರೆ ರಾತ್ರಿ ಹಚ್ಚಿ ಮಲಗಿ. ಒಂದೇ ಒಂದು ಎರರ್ ಬಂದರೂ ಅದು ಫೇಲ್, ‘ಒಂದು ತಾನೇ’ ಅಂತ ಬಿಡಬೇಡಿ. ಆಮೇಲೆ ಪ್ರೊಸೆಸರ್, ರ‍್ಯಾಮ್ ಎರಡನ್ನೂ ದುಡಿಸುವ ಪ್ರೈಮ್95 ಪ್ರೋಗ್ರಾಮ್‌ನ ಬ್ಲೆಂಡ್ ಟೆಸ್ಟ್ ಕೆಲವು ಗಂಟೆ ಓಡಿಸಿ. ಅದು ಬರೀ ಬಿಸಿ ಮಾಡುವ ಪ್ರೋಗ್ರಾಮ್ ಅಲ್ಲ. ಸರಿಯುತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಮಾಡಿಸಿ ತಾಳೆ ನೋಡುತ್ತದೆ. 2016ರಲ್ಲಿ ಇಂಟೆಲ್‌ನ ಸ್ಕೈಲೇಕ್ ಚಿಪ್‌ಗಳಲ್ಲಿದ್ದ ಒಂದು ದೋಷ ಬೆಳಕಿಗೆ ಬಂದದ್ದೂ ಪ್ರೈಮ್95 ಓಡಿಸಿದವರಿಂದಲೇ. ಇಂಟೆಲ್ ಅದನ್ನು ಒಪ್ಪಿಕೊಂಡು ಬಯಾಸ್ ಅಪ್‌ಡೇಟ್ ಮೂಲಕ ಸರಿಪಡಿಸಿತು.

ದಿನಗಟ್ಟಲೆ ಓಡಿಸಬೇಕು ಅಂತ ನಾನು ಹೇಳುವುದಿಲ್ಲ. ಒಮ್ಮೆ ಪಾಸ್ ಆದರೆ ಜೀವನಪೂರ್ತಿ ನಿಶ್ಚಿಂತೆ ಅಂತಲೂ ಅಲ್ಲ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಚಿಪ್‌ಗಳು ಮೊದಲು ಚೆನ್ನಾಗಿದ್ದು, ಜಾಸ್ತಿ ವೋಲ್ಟೇಜ್‌ನಿಂದ ಬರಬರುತ್ತಾ ಕೆಟ್ಟವು. 2024ರಲ್ಲಿ ಕಂಪನಿ ವಾರಂಟಿಯನ್ನೇ ಎರಡು ವರ್ಷ ವಿಸ್ತರಿಸಬೇಕಾಯಿತು. ಹಾಗಾಗಿ ಬಯಾಸ್ ಅಪ್‌ಡೇಟ್ ಮಾಡಿದಾಗ, ರ‍್ಯಾಮ್ ಬದಲಿಸಿದಾಗ ಮತ್ತೆ ಒಂದು ರಾತ್ರಿ ಟೆಸ್ಟ್ ಮಾಡುವುದು ಒಳ್ಳೆಯದು.

ಭಾವ ಅಂಗಡಿಗೆ ಫೋನ್ ಮಾಡಿದರೆ ‘ಕಡಿಮೆ ಸ್ಪೀಡ್‌ನಲ್ಲಿ ಓಡ್ತಿದೆಯಲ್ಲ ಸಾರ್, ಡಿಫೆಕ್ಟ್ ಅಲ್ಲ’ ಅಂದುಬಿಟ್ಟರು. ನಿಮಗೆ ಎರರ್ ಬಂದರೆ ಪರದೆಯ ಫೋಟೊ ತೆಗೆದುಕೊಳ್ಳಿ, ಬಿಲ್ ಜೋಪಾನವಾಗಿಡಿ. ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ (ಇಂಟೆಲ್‌ನ ಇಂಥದ್ದೇ ಸೆಟ್ಟಿಂಗ್) ಆಫ್ ಮಾಡಿ ಮತ್ತೆ ಓಡಿಸಿ. ಆಗಲೂ ಎರರ್ ಬಂದರೆ ಸ್ಟಿಕ್‌ಗಳನ್ನು ಒಂದೊಂದಾಗಿ ಒಂದೇ ಸ್ಲಾಟ್‌ಗೆ ಹಾಕಿ ಪರೀಕ್ಷಿಸಿ. ಯಾವುದರಲ್ಲಿ ಎರರ್ ಬರುತ್ತದೋ ಅದನ್ನು ವಾರಂಟಿಗೆ ಕೊಡಿ. ಎಲ್ಲವೂ ಸರಿಯಾಗುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.