‘ಫಾರ್ಮ್ ಹುಳ’ದವನನ್ನು ನಂಬಿ ಪುಟ್ಟಿಯನ್ನು ಕಳೆದುಕೊಂಡೆ: ಜೇಡ ಸಾಕುವವರು ದಯವಿಟ್ಟು ಓದಿ

ಹದಿನೈದು ದಿನ ಆಯಿತು. ಬರೆಯಲೋ ಬೇಡವೋ ಅಂತ ಸುಮ್ಮನಿದ್ದೆ. ಸಿಟ್ಟಿಗಿಂತ ನಾಚಿಕೆ ಜಾಸ್ತಿ. ಐದು ವರ್ಷದಿಂದ ಟರಾಂಟುಲಾ ಅನ್ನುವ ದೊಡ್ಡ ಕೂದಲಿನ ಜೇಡ ಸಾಕಿದವನು ನಾನು. ಪುಟ್ಟಿ ಅಂದರೆ ಆ ಜೇಡ. ಹೊಸಬರು ಯಾರಾದರೂ ಕೇಳಿದರೆ ‘ಜೇಡದ ಟ್ಯಾಂಕಿನೊಳಗೆ ಜೀವಂತ ಹುಳ ಬಿಟ್ಟು ಮಲಗಬೇಡಿ ಮಾರಾಯ್ರೆ’ ಅಂತ ಬುದ್ಧಿ ಹೇಳುತ್ತಿದ್ದವನೂ ನಾನೇ. ಕೊನೆಗೆ ಅದನ್ನೇ ಮಾಡಿದೆ. ಹುಳ ಬಿಟ್ಟು ಮಲಗಿದೆ.

ಮೊನ್ನೆ ಸಿದ್ದಾಪುರದ ಒಬ್ಬ ಹುಡುಗ ನನಗೆ ಹುಳ ಮಾರಿದವನ ನಂಬರಿನಿಂದಲೇ ಹುಳ ತರಿಸುತ್ತೇನೆ ಅಂದ. ಇನ್ನು ಬಾಯಿ ಮುಚ್ಚಿಕೊಂಡಿರುವುದು ಸರಿಯಲ್ಲ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ಪುಟ್ಟಿ ಚಾಕೋ ಗೋಲ್ಡನ್ ನೀ ಅನ್ನುವ ಟರಾಂಟುಲಾ. ಅರ್ಜೆಂಟೀನಾ, ಪರಾಗ್ವೆ ಕಡೆಯ ಜಾತಿ. ಮಂಡಿಯ ಮೇಲೆ ಬಂಗಾರದ ಪಟ್ಟಿ ಇರುತ್ತದಲ್ಲ, ಅದು. ಉಗುರಿನಷ್ಟಿದ್ದಾಗ ಬೆಂಗಳೂರಿನಿಂದ ತಂದಿದ್ದೆ. ಈಗ ನನ್ನ ಅಂಗೈ ತುಂಬುತ್ತಿದ್ದಳು. ಬೆಳೆಯುವುದು ತುಂಬಾ ನಿಧಾನ. ಹೆಣ್ಣಾದರೆ 20 ವರ್ಷ ಬದುಕುತ್ತದೆ. ನನಗೆ ಮಕ್ಕಳಾಗಿ ಅವರು ಹೈಸ್ಕೂಲಿಗೆ ಹೋಗುವಾಗಲೂ ಇರುತ್ತಾಳೆ ಅಂತ ಮನೆಯಲ್ಲಿ ತಮಾಷೆ ಮಾಡುತ್ತಿದ್ದೆವು. ಊಟ ಹತ್ತು ದಿನಕ್ಕೆ ಒಂದು ಡುಬಿಯಾ ಜಿರಳೆ. ಹುಬ್ಬಳ್ಳಿಯ ಗೆಳೆಯನೊಬ್ಬ ಸಾಕಿ ಕೊಡುತ್ತಿದ್ದ. ಅವನಿಗೆ ವರ್ಗವಾಯಿತು, ಜಿರಳೆ ಡಬ್ಬಿಯೂ ಹೋಯಿತು.

ಆಮೇಲೆ ಈ ಮಹಾನುಭಾವ ಸಿಕ್ಕ. ಯಾರೋ ನಂಬರ್ ಕೊಟ್ಟರು. ಹೆಸರು, ನಂಬರ್ ಇಲ್ಲಿ ಹಾಕುವುದಿಲ್ಲ. ‘ಸರ್, ಬೆಂಗಳೂರಲ್ಲಿ ನಮ್ಮದೇ ಫಾರ್ಮ್. ಕ್ರಿಕೆಟ್ಸ್, ಮೀಲ್‌ವರ್ಮ್, ಸೂಪರ್‌ವರ್ಮ್ ಎಲ್ಲ ಫಾರ್ಮ್ ಬ್ರೆಡ್. ಕ್ಯಾರೆಟ್ ಹಾಕಿ ಬೆಳೆಸೋದು.’ ಫಾರ್ಮ್ ಬ್ರೆಡ್ ಅಂದರೆ ಫಾರ್ಮಿನಲ್ಲೇ ಹುಟ್ಟಿ ಬೆಳೆದದ್ದು. ಕ್ರಿಕೆಟ್ ಅಂದರೆ ಚಿಮ್ಮಂಡೆ ಹುಳ, ಒಂದಕ್ಕೆ 8 ರೂಪಾಯಿ. 60 ಹುಳ ಹೇಳಿದೆ. ಬಸ್ ಪಾರ್ಸೆಲ್ ಖರ್ಚು ಬೇರೆ. ದುಡ್ಡು ಮೊದಲೇ ಹಾಕಬೇಕು, ಅದು ಎಲ್ಲರೂ ಕೇಳುವುದೇ. ಹಾಕಿದೆ. ಜಿಟಿಜಿಟಿ ಮಳೆಯಲ್ಲಿ ಎರಡು ದಿನ ಶಿರಸಿ ಬಸ್‌ಸ್ಟ್ಯಾಂಡಿಗೆ ಅಲೆದೆ. ಮೂರನೇ ದಿನ ಡಬ್ಬಿ ಸಿಕ್ಕಿತು.

ಮನೆಗೆ ತಂದು ಜಗುಲಿಯಲ್ಲಿ ಬಿಚ್ಚಿದೆ. ಅರ್ಧಕ್ಕರ್ಧ ಸತ್ತಿದ್ದವು. ಉಳಿದವು ಒಂದೊಂದು ಒಂದೊಂದು ಸೈಜು. ಒಂದು ಕಪ್ಪು, ಒಂದು ಕಂದು, ನಡುವೆ ಎರಡು ಹಸಿರು ಮಿಡತೆ! ಸಾಕಿದ ಹುಳ ಹೀಗಿರುತ್ತದಾ? ಒಂದೇ ಪ್ರಾಯದವು, ಒಂದೇ ಸೈಜಿನವು ಇರುತ್ತವೆ ಅಲ್ವಾ? ಕಾಗದದ ಮೊಟ್ಟೆ ಟ್ರೇ ಇಟ್ಟಿರುತ್ತಾರೆ ಅಂದುಕೊಂಡಿದ್ದೆ. ಇದರಲ್ಲಿ ಇದ್ದದ್ದು ಅಡಿಕೆ ಹಾಳೆಯ ತುಂಡು. ಅದರ ಮೇಲೆ ನೀಲಿ ನೀಲಿ ಕಲೆ.

ಅಪ್ಪ ಕವಳ ಹಾಕುತ್ತಾ ಕೂತಿದ್ದವರು ಎದ್ದು ಬಂದು ನೋಡಿದರು. ‘ಇದು ಬೋರ್ಡೋ ಕಲೆ’ ಅಂದರು. ಕೊಳೆ ರೋಗಕ್ಕೆ ಅಡಿಕೆಗೆ ಹೊಡೆಯುತ್ತೇವಲ್ಲ, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಅದೇ. ಬೆಂಗಳೂರಿನ ಫಾರ್ಮಿನೊಳಗೆ ಅಡಿಕೆಗೆ ಯಾರು ಔಷಧಿ ಹೊಡೆದರು?

ಆಗ ಪಾರ್ಸೆಲ್ ಚೀಟಿ ನೋಡಿದೆ. ಕುಮಟಾ! ಹುಳ ಬೆಂಗಳೂರಿನಿಂದ ಬಂದದ್ದಲ್ಲ, ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬಂದದ್ದು. ಯಾರದೋ ತೋಟದಲ್ಲಿ ರಾತ್ರಿ ಟಾರ್ಚ್ ಹಿಡಿದು ಹೆಕ್ಕಿದ ಹುಳ. ನಮ್ಮ ಮನೆಯ ಹಿಂದಿನ ತೋಟದಲ್ಲಿ ರಾತ್ರಿಯಿಡೀ ಕಿರ್ರ್ ಅಂತ ಕೂಗಿ ನಿದ್ದೆ ಕೆಡಿಸುತ್ತವಲ್ಲ, ಅದೇ ಹುಳ. ಅದಕ್ಕೆ 8 ರೂಪಾಯಿಯಂತೆ 480 ಕೊಟ್ಟು, ಬಸ್ಸಿನಲ್ಲಿ ತರಿಸಿಕೊಂಡಿದ್ದೇನೆ. ಆಯಿ ಬಾಗಿಲಲ್ಲಿ ನಿಂತು, ‘ತೋಟದಲ್ಲಿ ಬೇಕಾದಷ್ಟು ಇದ್ದಲೋ ತಮಾ, ದುಡ್ಡು ಕೊಟ್ಟು ತರಿಸಿದ್ಯಾ?’ ಅಂತ ಕೇಳಿದಳು. ನಾನೇನು ಹೇಳಲಿ. ತೋಟದ ಹುಳ ಹಾಕಬಾರದು ಆಯಿ, ಔಷಧಿ ತಾಗಿರುತ್ತದೆ, ಹೊಟ್ಟೆಯಲ್ಲಿ ಪರಾವಲಂಬಿ ಹುಳ ಇರುತ್ತದೆ, ಅದಕ್ಕೇ ಸಾಕಿದ್ದು ತರಿಸೋದು ಅಂತ ಅವಳಿಗೆ ಐದು ವರ್ಷದಿಂದ ಪಾಠ ಮಾಡಿದವನು ನಾನು.

ಫೋಟೋ, ಚೀಟಿ ಎಲ್ಲ ಕಳಿಸಿದೆ. ಅವನ ಉತ್ತರ ನೋಡಿ: ‘ಸರ್, ಕುಮಟಾದಲ್ಲಿ ನಮ್ ಬ್ರಾಂಚ್ ಇದೆ.’

ಸತ್ತವು? ‘ಡಬ್ಬಿ ಓಪನ್ ಮಾಡೋ ವಿಡಿಯೋ ಇದ್ಯಾ? ಇಲ್ಲ ಅಂದ್ರೆ ಬದಲಿ ಕೊಡಲ್ಲ ಸರ್, ರೂಲ್ಸ್.’

ಹಸಿರು ಮಿಡತೆ? ‘ಅದು ಬೋನಸ್ ಸರ್.’

ಬೋನಸ್ ಅಂತೆ!

ಅಲ್ಲಿಗೆ ಮುಗಿಸಬೇಕಿತ್ತು. 480 ರೂಪಾಯಿ ನೀರಿಗೆ ಹಾಕಿದೆ ಅಂತ ಮರೆಯಬೇಕಿತ್ತು. ನಾನು ಬಿಡಲಿಲ್ಲ, ಜೇಡ ಸಾಕುವವರ ಗುಂಪಿನಲ್ಲಿ ಹಾಕುತ್ತೇನೆ ಅಂದೆ. ತಕ್ಷಣ ದನಿಯೇ ಬದಲಾಯಿತು. ‘ಸರ್ ಟೆನ್ಷನ್ ತಗೋಬೇಡಿ, ನಿಮ್ಗೆ ಸೂಪರ್‌ವರ್ಮ್ ಫ್ರೀ ಕಳಿಸ್ತೀನಿ, ಅದು ಪಕ್ಕಾ ಫಾರ್ಮ್‌ದು.’ ಕಳಿಸಿಯೂ ಕಳಿಸಿದ. ಇಪ್ಪತ್ತು ಸೂಪರ್‌ವರ್ಮ್ (ಒಂದು ಜಾತಿಯ ದುಂಬಿಯ ಮರಿಹುಳ), ಗೋಧಿ ಬೂಸಾದಲ್ಲಿ, ಚೆನ್ನಾಗಿಯೇ ಇದ್ದವು. ಮನುಷ್ಯ ಅಷ್ಟೇನೂ ಕೆಟ್ಟವನಲ್ಲ ಅನ್ನಿಸಿತು. ನೋಡಿ, ಬುದ್ಧಿ ಎಲ್ಲಿ ಹೋಗಿತ್ತೋ.

ಕ್ರಿಕೆಟ್ ಹುಳಗಳನ್ನು ನಾನು ಪುಟ್ಟಿಗೆ ಹಾಕಲಿಲ್ಲ. ಅದೊಂದು ಸರಿ ಮಾಡಿದೆ. ಆದರೆ ಅವಳು ತಿಂದು ಮೂರು ವಾರ ಆಗಿತ್ತು. ಒಂದು ಸೂಪರ್‌ವರ್ಮ್ ಚಿಮುಟದಲ್ಲಿ ಹಿಡಿದು ತೋರಿಸಿದೆ. ಮೂತಿ ತಿರುಗಿಸಿ ಹಿಂದೆ ಸರಿದಳು. ಮರುದಿನವೂ ಹಾಗೇ. ಹೊಟ್ಟೆಯ ಮೇಲೆ ಕೂದಲು ಉದುರಿದ ಜಾಗ ಇತ್ತಲ್ಲ, ಮೊದಲು ತಿಳಿ ಬಣ್ಣ, ಈಗ ಕಪ್ಪಗೆ ಮಿರಮಿರ ಅನ್ನುತ್ತಿತ್ತು. ಸಾಕುವವರೆಲ್ಲ ಈ ಸಾಲು ಓದಿದ ಕೂಡಲೇ ಹಣೆ ಚಚ್ಚಿಕೊಂಡಿರುತ್ತೀರಿ. ಊಟ ಬಿಟ್ಟಿದೆ, ಹೊಟ್ಟೆ ಕಪ್ಪಾಗಿದೆ, ಮೂಲೆ ಹಿಡಿದು ಕೂತಿದೆ. ಪೊರೆ ಬಿಡುವುದಕ್ಕೆ ಬಂದಿದೆ, ಅಷ್ಟೇ. ನನಗೂ ಗೊತ್ತಿತ್ತು. ನಿಜವಾಗಿಯೂ ಗೊತ್ತಿತ್ತು. ಹಿಂದೆ ಎಷ್ಟು ಸಲ ಪೊರೆ ಬಿಟ್ಟಿದ್ದನ್ನು ನೋಡಿದ್ದೇನೆ.

ಆದರೂ ಫೋಟೋ ಕಳಿಸಿ ಅವನನ್ನು ಕೇಳಿದೆ. ಯಾಕೆ ಕೇಳಿದೆ ಅಂತ ಈಗಲೂ ನನ್ನನ್ನೇ ಬೈದುಕೊಳ್ಳುತ್ತೇನೆ. ‘ಮೋಲ್ಟ್ (ಪೊರೆ ಬಿಡೋದು) ಇರಬಹುದಾ?’ ಅಂದೆ. ಒಂದು ನಿಮಿಷದಲ್ಲಿ ಉತ್ತರ: ‘ಮೋಲ್ಟ್ ಅಲ್ಲ ಸರ್. ವೀಕ್ ಆಗಿದೆ. ಹೊಟ್ಟೆ ಕಪ್ಪಾಗೋದು ಇನ್‌ಫೆಕ್ಷನ್. ಪ್ರೋಟೀನ್ ಬೇಕು. ಎರಡು ಸೂಪರ್‌ವರ್ಮ್ ಒಳಗೆ ಬಿಟ್ಬಿಡಿ, ರಾತ್ರಿ ತಿಂತದೆ. ನಾನು ನೂರು ಟಿ ಸಾಕಿದ್ದೀನಿ.’ ‘ತಲೆ ಜಜ್ಜಿ ಹಾಕಲಾ?’ ಅಂದೆ. ‘ಬೇಡ ಸರ್, ಓಡಾಡಿದ್ರೆ ಮಾತ್ರ ಬೇಟೆ ಆಡ್ತದೆ.’

ನೂರು ಟಿ, ಅಂದರೆ ನೂರು ಟರಾಂಟುಲಾ ಅಂತೆ. ಆ ನೂರರ ಮುಂದೆ ನನ್ನ ಒಂದು ಪುಟ್ಟಿ ಸಣ್ಣದಾಗಿ ಕಂಡಿತು. ಅಷ್ಟು ಗಟ್ಟಿಯಾಗಿ ಹೇಳುವವನಿಗೆ ಗೊತ್ತಿರಬೇಕು ಅಂದುಕೊಂಡೆ. ರಾತ್ರಿ ಒಂಬತ್ತಕ್ಕೆ ಎರಡು ಸೂಪರ್‌ವರ್ಮ್ ಬಿಟ್ಟೆ. ಹತ್ತು ಗಂಟೆಗೆ ನೋಡಿದರೆ ಎರಡೂ ಇಲ್ಲ. ತಿಂದಳು ಅಂತ ಖುಷಿಯಾಯಿತು. ಅವನಿಗೆ ಥ್ಯಾಂಕ್ಸ್ ಕೂಡ ಹೇಳಿದೆ. ಆ ಥ್ಯಾಂಕ್ಸ್ ಇನ್ನೂ ನನ್ನ ಫೋನಿನಲ್ಲಿದೆ.

ತಿಂದಿರಲಿಲ್ಲ. ಸೂಪರ್‌ವರ್ಮ್ ಬಿಟ್ಟ ಕೂಡಲೇ ಟ್ಯಾಂಕಿನ ತಳಕ್ಕೆ ಹಾಕಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಳಗೆ ಕೊರೆದುಕೊಂಡು ಹೋಗುತ್ತದೆ. ಅದರ ದವಡೆ ಗಟ್ಟಿ. ಅದಕ್ಕೇ ತಲೆ ಜಜ್ಜಿ ಹಾಕುವುದು, ಇಲ್ಲಾ ಚಿಮುಟದಿಂದಲೇ ಬಾಯಿಗೆ ಕೊಡುವುದು.

ಬೆಳಗ್ಗೆ ಆರೂವರೆಗೆ ನೋಡಿದೆ. ಪುಟ್ಟಿ ಬಲೆಯ ಚಾಪೆ ನೇಯ್ದು ಅಂಗಾತ ಮಲಗಿದ್ದಳು. ಪೊರೆ ಅರ್ಧ ಬಿಟ್ಟಿತ್ತು. ಆ ಹೊತ್ತಿಗೆ ಜೇಡದ ಮೈ ಬೆಣ್ಣೆಯ ಹಾಗೆ. ಕಾಲು ಅಲ್ಲಾಡಿಸಲಾಗುವುದಿಲ್ಲ, ಹಲ್ಲು ಬೆಳ್ಳಗೆ ಮೆತ್ತಗಿರುತ್ತದೆ, ಕಚ್ಚುವುದಕ್ಕೂ ಆಗುವುದಿಲ್ಲ. ಗಂಟೆಗಟ್ಟಲೆ ಹಾಗೇ ಬಿದ್ದಿರಬೇಕು. ಹೊಟ್ಟೆಯ ಪಕ್ಕ ಒಂದು ಸೂಪರ್‌ವರ್ಮ್ ಮೂತಿ ಇಟ್ಟುಕೊಂಡಿತ್ತು. ಅದರ ಕೆಳಗೆ ಒದ್ದೆಯಾಗಿತ್ತು. ಚಿಮುಟ ತಂದು ಎಳೆದು ಹಾಕಿದೆ. ತೂತಿನಿಂದ ತಿಳಿ ನೀಲಿ ನೀರು ಒಸರುತ್ತಿತ್ತು. ಜೇಡದ ರಕ್ತದಲ್ಲಿ ಕಬ್ಬಿಣ ಇಲ್ಲ, ತಾಮ್ರ. ಅದಕ್ಕೇ ಆ ಬಣ್ಣ.

ಅಡುಗೆಮನೆಗೆ ಓಡಿ ಕಾರ್ನ್‌ಫ್ಲೋರ್ ತಂದು ಹಚ್ಚಿದೆ. ಗಟ್ಟಿ ಮೈಯ ಮೇಲೆ ಸಣ್ಣ ಗಾಯವಾದರೆ ಅದು ರಕ್ತ ನಿಲ್ಲಿಸುತ್ತದೆ. ಇಲ್ಲಿ ಹಿಡಿಯಲೇ ಇಲ್ಲ. ಮುಟ್ಟಿದರೆ ಇನ್ನೂ ಹರಿಯುತ್ತದೆ, ಮುಟ್ಟದಿದ್ದರೆ ಸೋರುತ್ತದೆ. ಹನ್ನೊಂದರವರೆಗೆ ಕಾಲಿನ ತುದಿ ಅಲ್ಲಾಡುತ್ತಿತ್ತು. ಆಮೇಲೆ ಇಲ್ಲ. ಆಫೀಸಿಗೆ ಜ್ವರ ಅಂತ ಹೇಳಿದೆ. ಜೇಡ ಸತ್ತಿತು ಅಂತ ಹೇಗೆ ರಜೆ ಕೇಳುವುದು?

ಅವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಫೋಟೋ ಕಳಿಸಿದೆ. ಸಂಜೆ ಉತ್ತರ ಬಂತು: ‘ಅಯ್ಯೋ ಸರ್, ಮೋಲ್ಟ್‌ಗೆ ಬಂದಿದ್ದು ನಿಮ್ಗೆ ಗೊತ್ತಾಗ್ಲಿಲ್ವಾ? ಐದು ವರ್ಷ ಸಾಕಿದ್ದೀರಾ. ಮೋಲ್ಟ್ ಟೈಮಲ್ಲಿ ಯಾರಾದ್ರೂ ಲೈವ್ ಫುಡ್ ಬಿಡ್ತಾರಾ?’

ಈ ಸಾಲನ್ನು ನಾನು ನೂರು ಸಲ ಓದಿದ್ದೇನೆ. ಮೇಲೆ ಎರಡು ಬೆರಳು ಸರಿಸಿದರೆ ಅವನೇ ಬರೆದದ್ದಿದೆ, ‘ಮೋಲ್ಟ್ ಅಲ್ಲ ಸರ್’ ಅಂತ. ಅದನ್ನೇ ತೋರಿಸಿದೆ. ‘ಫೋಟೋ ಕ್ಲಿಯರ್ ಇರ್ಲಿಲ್ಲ ಸರ್’ ಅಂದ. ಕ್ಲಿಯರ್ ಇಲ್ಲದ ಫೋಟೋದಲ್ಲಿ ಇನ್‌ಫೆಕ್ಷನ್ ಹೇಗೆ ಕಂಡಿತೋ.

ಅಷ್ಟಕ್ಕೇ ನಿಲ್ಲಲಿಲ್ಲ. ಸಮಾಧಾನಕ್ಕೆ ಇನ್ನೊಂದು ಆಫರ್ ಕೊಟ್ಟ. ‘ಸರ್, ಲೋಕಲ್ ಟರಾಂಟುಲಾ ಹಿಡಿಸಿ ಕೊಡ್ತೀನಿ, ಹಾಫ್ ರೇಟು. ನಿಮ್ ಘಟ್ಟದ್ದೇ.’ ನಮ್ಮ ಘಟ್ಟದ ಧರೆಯಲ್ಲಿ ಬಿಲ ತೋಡಿಕೊಂಡು ಇರುತ್ತವಲ್ಲ, ಥ್ರಿಗ್ಮೋಪಿಯಸ್ ಅನ್ನುವ ದೊಡ್ಡ ಜೇಡ, ಅದನ್ನು ಹೇಳಿದ್ದು. ಅದು ನಮ್ಮ ಪಶ್ಚಿಮ ಘಟ್ಟದ ಜಾತಿ. ರಸ್ತೆ ಅಗಲ ಮಾಡುವಾಗ, ಧರೆ ಕಡಿಯುವಾಗ ಅವುಗಳ ಬಿಲ ಹೋಗುತ್ತಲೇ ಇದೆ. ಅದನ್ನೂ ಅಗೆದು ಹಾಫ್ ರೇಟಿಗೆ ಮಾರುತ್ತಾನಂತೆ. ತೋಟದ ಹುಳ ಆಯಿತು, ಈಗ ಧರೆಯ ಜೇಡ. ಅವತ್ತೇ ಬ್ಲಾಕ್ ಮಾಡಿದೆ.

ತಪ್ಪು ನನ್ನದೂ ಹೌದು. ಅವನು ಹೇಳಿದ, ಬಿಟ್ಟದ್ದು ನನ್ನ ಕೈ. ಅದಕ್ಕೇ ಹೇಳುತ್ತಿದ್ದೇನೆ, ನನ್ನ ಹಾಗೆ ಮಾಡಬೇಡಿ. ಜೇಡ ಊಟ ಬಿಟ್ಟರೆ ಹುಳ ಹೊರಗೆ ತೆಗೆಯಿರಿ, ನೀರಿನ ಬಟ್ಟಲು ತುಂಬಿಡಿ, ಸುಮ್ಮನಿರಿ. ದೊಡ್ಡ ಜೇಡ ತಿಂಗಳುಗಟ್ಟಲೆ ಉಪವಾಸ ಇದ್ದರೂ ಏನೂ ಆಗುವುದಿಲ್ಲ. ಆದರೆ ಒಂದು ಹಸಿದ ಹುಳ ಒಂದು ರಾತ್ರಿಯಲ್ಲಿ ಏನು ಮಾಡುತ್ತದೆ ಅಂತ ನಾನು ನೋಡಿದ್ದೇನೆ. ಹುಳ ಜೇಡದ ಹೊಟ್ಟೆಗಿಂತ ದೊಡ್ಡದು ಬೇಡ. ಹಾಕಿದ ಹುಳ ಕಾಣದಿದ್ದರೆ ತಿಂದಿತು ಅಂತ ಲೆಕ್ಕ ಹಾಕಬೇಡಿ, ಮಣ್ಣು ಕೆದಕಿ ನೋಡಿ. ತಿನ್ನದೇ ಉಳಿದದ್ದನ್ನು ಆ ರಾತ್ರಿಯೇ ತೆಗೆಯಿರಿ. ಪೊರೆ ಬಿಟ್ಟ ಮೇಲೂ ಹಲ್ಲು ಪೂರ್ತಿ ಕಪ್ಪಾಗುವವರೆಗೆ ಏನೂ ಕೊಡಬೇಡಿ, ದೊಡ್ಡದಕ್ಕೆ ಒಂದೆರಡು ವಾರವೇ ಬೇಕು. ಮರಿಗಳಿಗೆ ಕೊಂದ ಹುಳವೇ ಸಾಕು. ಆಮೇಲೆ, ಪಾರ್ಸೆಲ್ ಚೀಟಿಯನ್ನು ಮೊದಲು ಓದಿ. ಡಬ್ಬಿ ಬಿಚ್ಚುವಾಗ ವಿಡಿಯೋ ಮಾಡಿ, ಆ ಬೋಳೀಮಗನ ರೂಲ್ಸ್ ಅವನಿಗೇ ತೋರಿಸಬಹುದು. ಡುಬಿಯಾ ಒಂದು ಡಬ್ಬಿ ಮನೆಯಲ್ಲೇ ಸಾಕಿಕೊಂಡರೆ ಯಾರ ಹಂಗೂ ಇಲ್ಲ. ಆಯಿಯನ್ನು ಒಪ್ಪಿಸುವುದು ಮಾತ್ರ ನಿಮ್ಮ ಜವಾಬ್ದಾರಿ.

ಒಂದು ವಾರದ ನಂತರ ಟ್ಯಾಂಕ್ ಖಾಲಿ ಮಾಡಿದೆ. ಎರಡನೇ ಸೂಪರ್‌ವರ್ಮ್ ಕೆಳಗೆ ಗಾಜಿನ ಹತ್ತಿರ ಸಿಕ್ಕಿತು. ದಪ್ಪಗೆ, ಆರಾಮಾಗಿ ಇತ್ತು.

ನಿನ್ನೆ ಸಿದ್ದಾಪುರದ ಆ ಹುಡುಗ ತನ್ನ ಫೋನಿನಲ್ಲಿ ಅವನ ಸ್ಟೇಟಸ್ ತೋರಿಸಿದ. ‘ಫ್ರೆಶ್ ಸ್ಟಾಕ್, ಫಾರ್ಮ್ ಬ್ರೆಡ್, ಹ್ಯಾಪಿ ಕಸ್ಟಮರ್.’ ಕ್ರಿಕೆಟ್ ಹುಳಕ್ಕೆ ಈಗ 10 ರೂಪಾಯಿ ಮಾಡಿದ್ದಾನೆ. ಕೆಳಗೆ ಒಂದು ಜೇಡದ ಫೋಟೋ. ಮಂಡಿಯ ಮೇಲೆ ಬಂಗಾರದ ಪಟ್ಟಿ, ಹೊಟ್ಟೆಯ ಮೇಲೆ ಕಪ್ಪಗೆ ಮಿರಮಿರ ಅನ್ನುವ ಜಾಗ, ಹಿಂದೆ ನಮ್ಮ ಜಗುಲಿಯ ಕೆಂಪು ಗಾರೆ. ಕ್ಲಿಯರ್ ಇರಲಿಲ್ಲ ಅಂದಿದ್ದನಲ್ಲ, ಆ ಫೋಟೋ.